ಎಲೆಯ ಹಸಿರು ತಾಯಿಯ ಬಳುವಳಿ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ರೈತರ ತರಬೇತಿ ಕೂಟದಲ್ಲಿ ಮಾಡಿದ ಭಾಷಣ)



ಸಭೆ ಆರಂಭವಾಗುವ ಮುನ್ನ ಅಥಣಿ ಕಡೆಯ ರೈತರೊಬ್ಬರು ಕಬ್ಬಿನ ಎರಡು ಎಲೆಗಳನ್ನು ತಂದು ನನ್ನ ಮುಂದೆ ಹಿಡಿದರು. "ಸಾಹೇಬ್ರ, ಎಲಿ ಹಳದಿ ಆಗ್ಯಾವ. ಇದು ಬೀಜದ ದೋಷ ಏನ್ರಿ, ಹೊಲದ ದೋಷ ಏನ್ರಿ?" ಎಂದು ಕೇಳಿದರು. ಪ್ರಶ್ನೆ ಚಿಕ್ಕದು. ಆದರೆ ಉತ್ತರ ತಪ್ಪಿದರೆ ನಷ್ಟ ದೊಡ್ಡದು. ಬೀಜದ ದೋಷವೆಂದು ತಿಳಿದು ಕುಳೆಯನ್ನು ಅಗೆದು ಹಾಕಿದವರುಂಟು. ಹೊಲದ ದೋಷವೆಂದು ತಿಳಿದು ಚೀಲಗಟ್ಟಲೆ ಯೂರಿಯಾ ಸುರಿದವರೂ ಉಂಟು. ಆದ್ದರಿಂದ ಇಂದು ಎಲೆಯ ಹಸಿರು ಎಲ್ಲಿಂದ ಬರುತ್ತದೆ, ಅದು ಯಾರಿಂದ ಯಾರಿಗೆ ಇಳಿದು ಬರುತ್ತದೆ, ಅದು ಕೆಟ್ಟಾಗ ಕಾರಣವನ್ನು ಹೇಗೆ ಹುಡುಕಬೇಕು ಎಂಬುದನ್ನು ತಮ್ಮ ಮುಂದೆ ಇಡಬಯಸುತ್ತೇನೆ.

ಹಸಿರು ಕಣ ಎಂದರೇನು?

ಗೋಡೆಗೆ ಇಟ್ಟಿಗೆ ಇದ್ದಂತೆ ಎಲ್ಲ ಗಿಡಗಳಿಗೂ ಜೀವಕೋಶಗಳು. ಪ್ರತಿ ಜೀವಕೋಶದ ನಡುವೆ ಕೋಶಕೇಂದ್ರವಿದೆ. ತಳಿಯ ಎತ್ತರ, ಕಾಳಿನ ಗಾತ್ರ, ಹೂವಿನ ಬಣ್ಣ ಮುಂತಾದ ಬಹುಪಾಲು ಗುಣಗಳ ಲೆಕ್ಕಪತ್ರ ಇರುವುದು ಅಲ್ಲಿಯೇ. ಅದರ ಹೊರಗೆ, ಎಲೆಯ ಜೀವಕೋಶದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಕಣಗಳಿವೆ. ಇವಕ್ಕೆ ಹರಿತ್ಕಣ ಎಂದು ಹೆಸರು. ಚೆನ್ನಾಗಿ ಬೆಳೆದ ತಂಬಾಕಿನ ಎಲೆಯ ಒಂದು ಜೀವಕೋಶದಲ್ಲಿ ಇಂಥ ಕಣಗಳು ಸುಮಾರು ನೂರು ಇರಬಹುದು. ಬಿಸಿಲು, ನೀರು ಮತ್ತು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಇವುಗಳನ್ನು ಸೇರಿಸಿ ಸಕ್ಕರೆ ಮಾಡುವುದು ಈ ಕಣಗಳ ಕೆಲಸ. ಕಬ್ಬಿನ ಕಾರ್ಖಾನೆ ಸಕ್ಕರೆಯನ್ನು ಬೇರ್ಪಡಿಸುತ್ತದೆ, ಅಷ್ಟೇ. ಸಕ್ಕರೆ ತಯಾರಾಗುವುದು ನಿಮ್ಮ ಹೊಲದ ಎಲೆಯಲ್ಲಿ.

ಈ ಹರಿತ್ಕಣ ಮೂಲತಃ ಗಿಡದ್ದಲ್ಲ. ಭತ್ತದ ಗದ್ದೆಗೆ ಗೊಬ್ಬರವಾಗಿ ಹಾಕುವ ನೀಲಿ ಹಸಿರು ಪಾಚಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೂರು ಕೋಟಿ ವರ್ಷಗಳಿಗಿಂತ ಹಿಂದೆ ಅಂಥದೇ ಒಂದು ಸೂಕ್ಷ್ಮಜೀವಿ ಮತ್ತೊಂದು ಜೀವಕೋಶದೊಳಗೆ ಸೇರಿಕೊಂಡು, ಕಾಲಾಂತರದಲ್ಲಿ ಅಲ್ಲಿಯೇ ನೆಲೆ ನಿಂತಿತು. ಮನೆಗೆ ಬಂದವನು ಮನೆಯವನೇ ಆದಂತೆ. ಅದರ ಬಹುಪಾಲು ವಂಶವಾಹಿಗಳು ಕಾಲಕ್ರಮದಲ್ಲಿ ಕೋಶಕೇಂದ್ರಕ್ಕೆ ಹೋದವು. ಆದರೂ ನೂರಕ್ಕೆ ಸ್ವಲ್ಪ ಹೆಚ್ಚು ವಂಶವಾಹಿಗಳನ್ನು ಹರಿತ್ಕಣ ಇಂದಿಗೂ ತನ್ನ ಬಳಿಯೇ ಇಟ್ಟುಕೊಂಡಿದೆ. ಅಂದರೆ ಗಿಡದೊಳಗೆ ಎರಡು ಖಾತೆಗಳಿವೆ: ದೊಡ್ಡ ಖಾತೆ ಕೋಶಕೇಂದ್ರದ್ದು, ಸಣ್ಣ ಖಾತೆ ಹರಿತ್ಕಣದ್ದು.

ಸಂಜೆಮಲ್ಲಿಗೆ ಕಲಿಸಿದ ಪಾಠ

ಸಣ್ಣ ಖಾತೆ ಒಂದಿದೆ ಎಂಬ ಸುಳಿವು ಮೊದಲು ಸಿಕ್ಕಿದ್ದು ನಮ್ಮ ಹಿತ್ತಲಲ್ಲಿ ಬೆಳೆಯುವ ಸಂಜೆಮಲ್ಲಿಗೆಯಿಂದ. ಈ ಗಿಡದ ಒಂದು ಬಗೆಯಲ್ಲಿ ಕೆಲವು ಟೊಂಗೆಗಳು ಹಸಿರು, ಕೆಲವು ಬಿಳಿ, ಕೆಲವು ಹಸಿರು-ಬಿಳಿ ಮಚ್ಚೆಯವು. ಜರ್ಮನಿಯ ಕಾರ್ಲ್ ಕೊರೆನ್ಸ್ ಎಂಬ ವಿಜ್ಞಾನಿ ಒಂದು ಟೊಂಗೆಯ ಪರಾಗವನ್ನು ಇನ್ನೊಂದು ಟೊಂಗೆಯ ಹೂವಿಗೆ ಸೋಕಿಸಿ ಬೀಜ ಕಟ್ಟಿಸಿದನು. 1909ರಲ್ಲಿ ಆತನು ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಹಸಿರು ಟೊಂಗೆಯ ಮೇಲೆ ಕಟ್ಟಿದ ಬೀಜದಿಂದ ಹಸಿರು ಸಸಿ. ಬಿಳಿ ಟೊಂಗೆಯ ಬೀಜದಿಂದ ಬಿಳಿ ಸಸಿ. ಅದು ಆಹಾರ ಮಾಡಿಕೊಳ್ಳಲಾರದೆ ಸಾಯುತ್ತದೆ. ಮಚ್ಚೆ ಟೊಂಗೆಯ ಬೀಜದಿಂದ ಮೂರೂ ಬಗೆಯ ಸಸಿಗಳು. ಪರಾಗ ಯಾವ ಟೊಂಗೆಯಿಂದ ಬಂದರೂ ಫಲಿತಾಂಶ ಬದಲಾಗಲಿಲ್ಲ.

ಇದರ ಅರ್ಥವೇನು? ತಂದೆಯ ಪರಾಗ ಕೋಶಕೇಂದ್ರದ ಖಾತೆಯಲ್ಲಿ ಅರ್ಧ ಪಾಲು ಕೊಡುತ್ತದೆ. ಆದರೆ ಹರಿತ್ಕಣವನ್ನು ಕೊಡುವುದಿಲ್ಲ. ಅದು ತಾಯಿಯ ಅಂಡದ ಮೂಲಕವೇ ಮಗುವಿಗೆ ಬರುತ್ತದೆ. ಎಲೆಯ ಹಸಿರು ತಾಯಿಯ ಬಳುವಳಿ ಎಂದು ನಾನು ಹೇಳುವುದು ಇದಕ್ಕೇ. ಎಲ್ಲ ಸಸ್ಯಗಳಲ್ಲೂ ಹೀಗೆಯೇ ಎಂದು ತಿಳಿಯಬಾರದು. ದನಗಳ ಮೇವಿಗೆ ಬೆಳೆಯುವ ಲೂಸರ್ನ್‌ನಲ್ಲಿ ತಂದೆಯಿಂದಲೂ ಹರಿತ್ಕಣ ಬರುತ್ತದೆ. ಪೈನ್ ಮರಗಳಲ್ಲಿ ತಂದೆಯಿಂದಲೇ ಬರುತ್ತದೆ. ಆದರೆ ನಾವು ಬೆಳೆಯುವ ಜೋಳ, ಗೋವಿನಜೋಳ, ತಂಬಾಕು, ಸೋಯಾ ಅವರೆ ಮುಂತಾದ ಹೆಚ್ಚಿನ ಬೆಳೆಗಳಲ್ಲಿ ತಾಯಿಯ ಪಾಲೇ ನಡೆಯುತ್ತದೆ.

ತಂಬಾಕು ಮತ್ತು ಕಬ್ಬಿನ ತವರು

ನಿಪ್ಪಾಣಿಯ ಬೀಡಿ ತಂಬಾಕು ನಾಡಿಗೆಲ್ಲ ಗೊತ್ತು. ಆದರೆ ಹರಿತ್ಕಣದ ಶೋಧನೆಯಲ್ಲಿ ಜಗತ್ತು ಅತಿ ಹೆಚ್ಚು ಬಳಸಿದ ಗಿಡಗಳಲ್ಲಿ ತಂಬಾಕೂ ಒಂದು ಎಂಬುದು ಅಷ್ಟಾಗಿ ಗೊತ್ತಿಲ್ಲ. ಬೇಸಾಯದ ತಂಬಾಕು ಎರಡು ಕಾಡು ಜಾತಿಗಳು ತಾವಾಗಿ ಕೂಡಿ ಹುಟ್ಟಿದ ಬೆಳೆ. ಅವುಗಳಲ್ಲಿ ತಾಯಿ ಯಾವುದು, ತಂದೆ ಯಾವುದು? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾಮ್ ವೈಲ್ಡ್‌ಮನ್ ಮತ್ತು ಸಂಗಡಿಗರು ಎಲೆಯಲ್ಲಿ ಸಕ್ಕರೆ ಮಾಡಲು ಬೇಕಾಗುವ ಮುಖ್ಯ ಪ್ರೋಟೀನನ್ನು ಪರೀಕ್ಷಿಸಿದರು. ಆ ಪ್ರೋಟೀನಿನ ದೊಡ್ಡ ಭಾಗ ಹರಿತ್ಕಣದ ಖಾತೆಯಿಂದ, ಸಣ್ಣ ಭಾಗ ಕೋಶಕೇಂದ್ರದ ಖಾತೆಯಿಂದ ತಯಾರಾಗುತ್ತದೆ. ಈ ಸುಳಿವು ಹಿಡಿದು 1974ರಲ್ಲಿ ಅವರು ನಿಕೋಟಿಯಾನ ಸಿಲ್ವೆಸ್ಟ್ರಿಸ್ ಎಂಬ ಜಾತಿಯೇ ತಾಯಿ ಎಂದು ತೋರಿಸಿದರು.

ಮುಂದೆ 1986ರಲ್ಲಿ ಜಪಾನಿನ ನಗೋಯಾದಲ್ಲಿ ಸುಗಿಯುರಾ ಅವರ ತಂಡ ತಂಬಾಕಿನ ಹರಿತ್ಕಣದ ಖಾತೆಯನ್ನು ಆದಿಯಿಂದ ಅಂತ್ಯದವರೆಗೆ ಓದಿ ಮುಗಿಸಿತು. ಅದರಲ್ಲಿ ಸುಮಾರು 1,56,000 ಅಕ್ಷರಗಳು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದುದೂ ಅದೇ ವರ್ಷ. ಕಬ್ಬಿನ ಹರಿತ್ಕಣದ ಖಾತೆಯನ್ನು 2004ರಲ್ಲಿ ಜಪಾನ್ ಮತ್ತು ಬ್ರೆಜಿಲ್ ದೇಶಗಳ ತಂಡಗಳು ಬೇರೆ ಬೇರೆಯಾಗಿ ಓದಿದವು; ಅದರಲ್ಲಿ ಸುಮಾರು 1,41,000 ಅಕ್ಷರಗಳು. ಕಬ್ಬಿನ ಕೋಶಕೇಂದ್ರದ ಖಾತೆಯಲ್ಲಾದರೋ ಸುಮಾರು 1,000 ಕೋಟಿ ಅಕ್ಷರಗಳಿವೆ. ಎರಡು ಖಾತೆಗಳ ಗಾತ್ರದಲ್ಲಿ ಎಷ್ಟು ಅಂತರ ನೋಡಿ!

ಕಬ್ಬಿನ ತವರೂ ತಿಳಿಯತಕ್ಕದ್ದು. ಕೊಯಮತ್ತೂರಿನಲ್ಲಿ 1912ರಲ್ಲಿ ಕಬ್ಬಿನ ತಳಿ ಸಂಶೋಧನಾ ಕೇಂದ್ರ ಆರಂಭವಾಯಿತು. ಅಲ್ಲಿ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ವೆಲ್ಲೈ ಎಂಬ ರಸಭರಿತ ಕಬ್ಬನ್ನು ತಾಯಿಯಾಗಿಯೂ, ತೆಳ್ಳಗಿನ ಕಾಡು ಕಬ್ಬನ್ನು ತಂದೆಯಾಗಿಯೂ ಮಾಡಿ ಕೋ 205 ತಳಿಯನ್ನು ಪಡೆದರು. ಗಟ್ಟಿತನ ತಂದೆಯಿಂದ ಬಂತು, ಹರಿತ್ಕಣ ತಾಯಿಯಿಂದ ಬಂತು. ಇಂದು ನಿಮ್ಮಲ್ಲಿ ಬಹಳ ಜನ ಬೆಳೆಯುವ ಕೋ 86032 ತಳಿಯ ತಾಯಿ ಕೋ 62198, ತಂದೆ ಕೋಸಿ 671. ಆದರೆ ಹೊಲದಲ್ಲಿ ನಾವು ಕಬ್ಬಿನ ಬೀಜ ಬಿತ್ತುವುದಿಲ್ಲ, ಕಣ್ಣಿನ ತುಂಡು ನೆಡುತ್ತೇವೆ. ಆದ್ದರಿಂದ ಎರಡೂ ಖಾತೆಗಳು ಇದ್ದಂತೆಯೇ ಮುಂದಿನ ಬೆಳೆಗೆ ಸಾಗುತ್ತವೆ. ತಳಿಯ ಗುಣ ಒಂದು ವರ್ಷದಲ್ಲಿ ತಾನಾಗಿ ಬದಲಾಗುವುದಿಲ್ಲ. ತುಂಡಿನ ಜೊತೆ ರೋಗವೂ ಸಾಗಬಹುದು ಎಂಬುದನ್ನು ಮಾತ್ರ ಮರೆಯಬಾರದು.

ಎಲೆ ಹಳದಿಯಾದಾಗ

ಈಗ ಅಥಣಿಯ ರೈತರ ಪ್ರಶ್ನೆಗೆ ಬರೋಣ. ಅವರು ತಂದಿದ್ದ ಎಲೆಗಳು ಸುಳಿಯ ಹತ್ತಿರದವು. ನರಗಳು ಹಸಿರಾಗಿದ್ದವು, ನರಗಳ ನಡುವಿನ ಭಾಗ ಉದ್ದಕ್ಕೂ ಹಳದಿ-ಬಿಳಿ ಪಟ್ಟಿಯಾಗಿತ್ತು. ಇದು ತಾಯಿಯ ಬಳುವಳಿಯ ದೋಷವಲ್ಲ, ಕಬ್ಬಿಣದ ಕೊರತೆ. ಹರಿತ್ಕಣದ ಹಸಿರು ಬಣ್ಣಕ್ಕೆ ಪತ್ರಹರಿತ್ತು ಎನ್ನುತ್ತಾರೆ. ಅದರ ನಡುವೆ ಮೆಗ್ನೀಸಿಯಂ, ಸುತ್ತ ಸಾರಜನಕ ಇರುತ್ತವೆ. ಕಬ್ಬಿಣ ಅದರಲ್ಲಿ ಇಲ್ಲದಿದ್ದರೂ, ಅದನ್ನು ತಯಾರಿಸಲು ಕಬ್ಬಿಣ ಬೇಕೇ ಬೇಕು. ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಭೂಮಿಯಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಕೃಷ್ಣೆಯ ದಂಡೆಯ ಸವಳು-ಜವಳು ಭೂಮಿಯಲ್ಲಿ, ಅದರಲ್ಲೂ ಕುಳೆ ಕಬ್ಬಿನಲ್ಲಿ, ಇದು ಹೆಚ್ಚಾಗಿ ಕಾಣುತ್ತದೆ.

ಕಾರಣ ಗುರುತಿಸಲು ಈ ಕ್ರಮವನ್ನು ಅನುಸರಿಸಿರಿ.

1. ಮೇಲಿನ ಎಳೆ ಎಲೆ ಹಳದಿಯಾಗಿ ನರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಸ್ವಲ್ಪ ಸಿಟ್ರಿಕ್ ಆಮ್ಲದೊಡನೆ ಕರಗಿಸಿ ಎಲೆಗೆ ಸಿಂಪಡಿಸಿರಿ. ಒಂದು ಸಲಕ್ಕೆ ಸಾಲದಿದ್ದರೆ ಕೆಲ ದಿನ ಬಿಟ್ಟು ಮತ್ತೆ ಸಿಂಪಡಿಸಿರಿ.

2. ಕೆಳಗಿನ ಹಳೆಯ ಎಲೆ ಪೂರ್ತಿ ತಿಳಿಹಳದಿಯಾಗಿ, ಎಳೆ ಎಲೆ ಹಸಿರಾಗಿದ್ದರೆ ಸಾರಜನಕದ ಕೊರತೆ. ಗಿಡ ಹಳೆಯ ಎಲೆಯಿಂದ ಸಾರಜನಕವನ್ನು ತೆಗೆದು ಎಳೆ ಎಲೆಗೆ ಕೊಡುತ್ತದೆ. ಇಲ್ಲಿ ಮಾತ್ರ ಯೂರಿಯಾ ಕೆಲಸ ಮಾಡುತ್ತದೆ.

3. ಇಡೀ ಮಡಿ ಹಳದಿಯಾಗಿ, ಅಗೆದರೆ ನೀರು ನಿಂತ ಮಣ್ಣು, ಕಪ್ಪಾದ ಬೇರು ಸಿಕ್ಕರೆ ಬೇರಿಗೆ ಉಸಿರಿಲ್ಲ ಎಂದು ತಿಳಿಯಿರಿ. ಗೊಬ್ಬರಕ್ಕಿಂತ ಮೊದಲು ಬಸಿಗಾಲುವೆ ಬೇಕು, ನೀರಿನಲ್ಲಿ ಹಿಡಿತ ಬೇಕು.

4. ಒಂದೇ ಕುಣಿಯಲ್ಲಿ ಹುಲ್ಲಿನಂತೆ ತೆಳ್ಳನೆಯ ಬಿಳಿ ಮರಿಗಳು ಗುಂಪಾಗಿ ಎದ್ದರೆ ಅದು ರೋಗ. ಇದನ್ನು ತರುವುದು ಒಂದು ಸೂಕ್ಷ್ಮಜೀವಿ. ಅದು ನೆಟ್ಟ ತುಂಡಿನಲ್ಲಿಯೇ ಸಾಗಿ ಬರುತ್ತದೆ. ಅಂಥ ಕುಣಿಯನ್ನು ಬುಡಸಹಿತ ಕಿತ್ತು ಸುಡಿರಿ. ಆ ಹೊಲದ ಕಬ್ಬನ್ನು ಬೀಜಕ್ಕೆ ಬಳಸಬೇಡಿರಿ. ಬಿಸಿ ಉಪಚಾರ ಮಾಡಿದ ಬೀಜದಿಂದ ಬೆಳೆದ ತಾಕಿನ ತುಂಡುಗಳನ್ನೇ ತನ್ನಿರಿ.

5. ಇಡೀ ಹೊಲ ಹಸಿರಾಗಿದ್ದು ಗೋವಿನಜೋಳದಲ್ಲೋ ಜೋಳದಲ್ಲೋ ಎಲ್ಲೋ ಒಂದೆರಡು ಸಸಿ ಮಾತ್ರ ಅಚ್ಚ ಬಿಳಿಯಾಗಿ ಮೊಳೆತು ಸತ್ತರೆ, ಅದು ನಿಜವಾಗಿಯೂ ವಂಶವಾಹಿಯ ದೋಷ. ಅದಕ್ಕೆ ಔಷಧವಿಲ್ಲ, ಚಿಂತೆಯೂ ಬೇಡ.

ಹೊಲದಲ್ಲಿ ಕಾಣುವ ಹಳದಿಯಲ್ಲಿ ಹೆಚ್ಚಿನ ಪಾಲು ಮೊದಲ ನಾಲ್ಕು ಕಾರಣಗಳದ್ದೇ. ಆದ್ದರಿಂದ ಬೀಜವನ್ನು ಬಯ್ಯುವ ಮೊದಲು ಯಾವ ಎಲೆ ಹಳದಿಯಾಗಿದೆ ಎಂದು ನೋಡಿರಿ, ಬುಡ ಅಗೆದು ಬೇರು ನೋಡಿರಿ, ಮಣ್ಣು ಪರೀಕ್ಷೆ ಮಾಡಿಸಿರಿ.

ಕಸದ ಎಣ್ಣೆ ಮತ್ತು ಹರಿತ್ಕಣ

ಹಳದಿಗೆ ಇನ್ನೊಂದು ಕಾರಣವಿದೆ. ಅದು ನಮ್ಮ ಕೈಯಾರೆ ಆಗುವುದು. ಕಬ್ಬಿಗೂ ಗೋವಿನಜೋಳಕ್ಕೂ ನೀವು ಅಟ್ರಾಜಿನ್ ಎಂಬ ಕಳೆನಾಶಕವನ್ನು ಬಳಸುತ್ತೀರಿ. ಇದು ಕಳೆಯನ್ನು ಹೇಗೆ ಕೊಲ್ಲುತ್ತದೆ? ಹರಿತ್ಕಣದಲ್ಲಿ ಬಿಸಿಲಿನ ಶಕ್ತಿಯನ್ನು ಮುಂದಕ್ಕೆ ದಾಟಿಸುವ ಒಂದು ಪ್ರೋಟೀನಿದೆ. ಅಟ್ರಾಜಿನ್ ಅದರ ಸಂದಿಯಲ್ಲಿ ಬೀಗಕ್ಕೆ ಕಡ್ಡಿ ತುರುಕಿದಂತೆ ಕೂತುಬಿಡುತ್ತದೆ. ಬಿಸಿಲು ಬೀಳುತ್ತಲೇ ಇರುತ್ತದೆ, ಶಕ್ತಿ ಮುಂದೆ ಹೋಗುವುದಿಲ್ಲ. ಆ ಶಕ್ತಿಯೇ ಎಲೆಯನ್ನು ಸುಡುತ್ತದೆ. ಹಳೆಯ ಎಲೆಗಳ ಅಂಚು ಮೊದಲು ಹಳದಿಯಾಗಿ ಆಮೇಲೆ ಒಣಗುತ್ತದೆ.

ಹಾಗಾದರೆ ಕಬ್ಬು ಏಕೆ ಸಾಯುವುದಿಲ್ಲ? ಕಬ್ಬು, ಗೋವಿನಜೋಳ ಮತ್ತು ಜೋಳ ಅಟ್ರಾಜಿನ್‌ನ ವಿಷವನ್ನು ಮುರಿದು ನಿರುಪದ್ರವಿ ಮಾಡಿಕೊಳ್ಳುತ್ತವೆ. ಸೋಯಾ ಅವರೆ, ಉಳ್ಳಾಗಡ್ಡಿ, ಕಡಲೆ, ಕೊತ್ತಂಬರಿಗಳಿಗೆ ಆ ಶಕ್ತಿ ಸಾಲದು. ಆದ್ದರಿಂದ ಕಬ್ಬಿನ ಸಾಲಿನ ನಡುವೆ ಇವುಗಳನ್ನು ಅಂತರ ಬೆಳೆಯಾಗಿ ಹಾಕುವವರು ಅಟ್ರಾಜಿನ್ ಮುಟ್ಟಬಾರದು. ಸವಳು ಭೂಮಿಯಲ್ಲಿ, ಮಳೆ ಕಡಿಮೆಯಾದ ವರ್ಷ, ಇದು ಮಣ್ಣಿನಲ್ಲಿ ಹೆಚ್ಚು ದಿನ ಉಳಿಯುತ್ತದೆ. ಮುಂಗಾರಿನ ಗೋವಿನಜೋಳಕ್ಕೆ ಹೆಚ್ಚಾಗಿ ಹೊಡೆದು, ಹಿಂಗಾರಿನಲ್ಲಿ ಅದೇ ಹೊಲದಲ್ಲಿ ಕಡಲೆ ಬಿತ್ತಿ ಸಸಿ ಒಣಗಿತೆಂದು ಬೀಜವನ್ನು ದೂರುವುದು ಸರಿಯಲ್ಲ. ಡಬ್ಬಿಯ ಮೇಲಿನ ಪ್ರಮಾಣವನ್ನು ಮೀರಬೇಡಿರಿ.

ಇನ್ನು ಅತ್ಯಂತ ಮುಖ್ಯ ವಿಷಯ. ಒಂದೇ ಜಾತಿಯ ಎಣ್ಣೆಯನ್ನು ವರ್ಷವರ್ಷವೂ ಹೊಡೆದರೆ ಕಳೆ ಅದಕ್ಕೆ ಬಗ್ಗುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಸಸ್ಯಪಾಲನಾ ತಾಕಿನಲ್ಲಿ ಇದೇ ಗುಂಪಿನ ಕಳೆನಾಶಕಕ್ಕೆ ಸಾಯದ ಕಳೆಯ ವರದಿ 1970ರಲ್ಲಿ ಪ್ರಕಟವಾಯಿತು. 1983ರಲ್ಲಿ ರಾಜಗಿರಿ ಜಾತಿಯ ಕಳೆಯೊಂದರಲ್ಲಿ ಅದರ ಗುಟ್ಟು ಹೊರಬಿತ್ತು. ಹರಿತ್ಕಣದ ಖಾತೆಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಅಷ್ಟರಿಂದ ಬೀಗದ ಸಂದಿ ಬದಲಾಗಿ ಅಟ್ರಾಜಿನ್ ಅಲ್ಲಿ ಕೂರದಾಯಿತು!

ಈ ಬದಲಾವಣೆ ಇರುವುದು ಹರಿತ್ಕಣದಲ್ಲಿ. ಅಂದರೆ ಅದೂ ತಾಯಿಯ ಬಳುವಳಿ. ಪಕ್ಕದ ಹೊಲದಿಂದ ಗಾಳಿಯಲ್ಲಿ ಬರುವ ಪರಾಗ ಅದನ್ನು ತರಲಾರದು. ಅದು ಹರಡುವುದು ಆ ಕಳೆಯ ಬೀಜದಿಂದ ಮಾತ್ರ. ರೈತನಿಗೆ ಇದೊಂದು ಅನುಕೂಲ. ಎಣ್ಣೆ ಹೊಡೆದ ಮೇಲೂ ಹಸಿರಾಗಿ ನಿಂತ ನಾಲ್ಕು ಕಳೆ ಗಿಡಗಳನ್ನು ಬೀಜ ಕಟ್ಟುವ ಮುನ್ನ ಕಿತ್ತರೆ ಆ ವಂಶ ಅಲ್ಲಿಗೇ ಮುಗಿಯಿತು. ಬಿಟ್ಟರೆ ಮುಂದಿನ ವರ್ಷ ಅವುಗಳ ಮಕ್ಕಳೆಲ್ಲ ತಾಯಿಯಂತೆಯೇ. ಕೆಲವು ಕಳೆಗಳು ಕೋಶಕೇಂದ್ರದ ಖಾತೆಯ ಬದಲಾವಣೆಯಿಂದಲೂ ವಿಷ ಮುರಿಯಲು ಕಲಿತಿವೆ. ಅಂಥವುಗಳ ಗುಣ ಪರಾಗದಿಂದಲೂ ಹರಡುತ್ತದೆ. ಹೇಗಿದ್ದರೂ ಬೀಜಕ್ಕೆ ಮುನ್ನ ಕೀಳುವುದೇ ಲೇಸು.

ಇನ್ನೊಂದು ಎಚ್ಚರಿಕೆ. ಅಟ್ರಾಜಿನ್ ಬಿಟ್ಟು ಮೆಟ್ರಿಬುಜಿನ್ ಹೊಡೆದರೆ ಎಣ್ಣೆ ಬದಲಾಯಿಸಿದಂತಾಗಲಿಲ್ಲ. ಎರಡೂ ಕೂರುವುದು ಅದೇ ಸಂದಿಯಲ್ಲಿ. ಹೆಸರು ಬದಲಾದರೆ ಸಾಲದು, ಕೊಲ್ಲುವ ಬಗೆ ಬದಲಾಗಬೇಕು. ಎಡೆ ಹೊಡೆಯುವುದು, ಕೈಗಳೆ, ರವದಿಯ ಹೊದಿಕೆ, ಬೆಳೆ ಪರಿವರ್ತನೆ ಇವನ್ನು ನಡುನಡುವೆ ಸೇರಿಸಿರಿ.

ಸಂಕರಣ ಬೀಜದ ತಾಯಿ

ಜೀವಕೋಶದಲ್ಲಿ ಹರಿತ್ಕಣದಂತೆಯೇ ಸ್ವಂತ ಖಾತೆಯುಳ್ಳ ಇನ್ನೊಂದು ಕಣವಿದೆ. ಅದು ಮೈಟೋಕಾಂಡ್ರಿಯ, ಜೀವಕೋಶದ ಉಸಿರಾಟದ ಒಲೆ. ಅದೂ ತಾಯಿಯಿಂದಲೇ ಬರುತ್ತದೆ. ಅದರಲ್ಲಿನ ಒಂದು ದೋಷದಿಂದ ಕೆಲವು ಸಾಲುಗಳಲ್ಲಿ ಪರಾಗ ಕಟ್ಟುವುದಿಲ್ಲ. ಈ ದೋಷವನ್ನೇ ಉಪಯೋಗಿಸಿಕೊಂಡು ಸಂಕರಣ ಬೀಜ ತಯಾರಿಸುತ್ತಾರೆ. ನಮ್ಮ ದೇಶದ ಮೊದಲ ಸಂಕರಣ ಜೋಳ ಸಿಎಸ್‌ಎಚ್-1 ಬಂದದ್ದು 1964ರಲ್ಲಿ, ಈ ವಿಧಾನದಿಂದಲೇ.

ಆದರೆ ಎಲ್ಲರೂ ಒಬ್ಬಳೇ ತಾಯಿಯನ್ನು ನಂಬಿದರೆ ಅಪಾಯ. ಅಮೆರಿಕದಲ್ಲಿ 1970ರ ಹೊತ್ತಿಗೆ ಗೋವಿನಜೋಳದ ಸಂಕರಣ ಬೀಜದ ಬಹುಪಾಲು ಟೆಕ್ಸಾಸ್ ಎಂಬ ಒಂದೇ ತಾಯಿಯ ಮೂಲದ್ದಾಗಿತ್ತು. ಆ ತಾಯಿಯ ಮೈಟೋಕಾಂಡ್ರಿಯಕ್ಕೆ ತಗಲುವ ಎಲೆ ಅಂಗಮಾರಿ ರೋಗ ಬಂದು, ಆ ಒಂದೇ ವರ್ಷ ಅಲ್ಲಿಯ ಗೋವಿನಜೋಳದ ಸುಮಾರು ಶೇಕಡಾ 15ರಷ್ಟು ಬೆಳೆ ಹೋಯಿತು. ನೂರಾರು ಹೆಸರಿನ ಬೀಜ, ತಾಯಿ ಮಾತ್ರ ಒಬ್ಬಳೇ! ಆದ್ದರಿಂದ ಊರಿಗೆ ಊರೇ ಒಂದೇ ತಳಿ ಹಾಕುವ ಬದಲು ಎರಡು ಮೂರು ತಳಿಗಳನ್ನು ಹಂಚಿ ಬೆಳೆಯುವುದು ಕ್ಷೇಮ. ಅಥಣಿಯ ಒಣ ಭೂಮಿಯಲ್ಲಿ ಮಾಲದಂಡಿ ಬಿಳಿಜೋಳದ ಒಳ್ಳೆಯ ತೆನೆ ಆಯ್ದು ಮನೆಯಲ್ಲೇ ಬೀಜ ಇಟ್ಟುಕೊಳ್ಳಬಹುದು. ಸಂಕರಣ ಜೋಳ, ಗೋವಿನಜೋಳದ ಕಾಳನ್ನು ಮಾತ್ರ ಮರುವರ್ಷ ಬೀಜಕ್ಕೆ ಬಳಸಬಾರದು, ಗುಣಗಳು ಚದುರಿಹೋಗುತ್ತವೆ.

ಮುಂದೇನು?

1990ರಲ್ಲಿ ತಂಬಾಕಿನ ಹರಿತ್ಕಣದೊಳಗೆ ಹೊಸ ವಂಶವಾಹಿಯನ್ನು ಸೇರಿಸುವ ವಿಧಾನ ಸಿದ್ಧವಾಯಿತು. ಪರಾಗದ ಮೂಲಕ ಅದು ಪಕ್ಕದ ಹೊಲಕ್ಕೆ ಹೋಗುವ ಸಂಭವ ಬಹಳ ಕಡಿಮೆ ಎಂಬುದು ಈ ವಿಧಾನದ ಲಾಭ. ಆದರೆ ಇದು ಪ್ರಯೋಗಶಾಲೆಯ ಮಾತು. ಹರಿತ್ಕಣ ತಿದ್ದಿದ ಬೀಜವೆಂದು ಹೇಳಿ ಯಾರಾದರೂ ನಿಮ್ಮ ಊರಿಗೆ ಮಾರಲು ಬಂದರೆ ನಂಬಬೇಡಿರಿ. ವಂಶವಾಹಿ ಸೇರಿಸಿದ ಬೆಳೆಗಳಲ್ಲಿ ನಮ್ಮ ದೇಶದ ರೈತರು ಅನುಮತಿಯಿಂದ ಬೆಳೆಯುತ್ತಿರುವುದು ಬಿಟಿ ಹತ್ತಿ ಒಂದನ್ನೇ; ಅದಕ್ಕೆ 2002ರಲ್ಲಿ ಅನುಮತಿ ದೊರೆಯಿತು. ಅದರ ವಂಶವಾಹಿ ಸೇರಿರುವುದೂ ಕೋಶಕೇಂದ್ರದ ಖಾತೆಯಲ್ಲಿ.

ರೈತ ಬಾಂಧವರೇ, ಜಪಾನಿನವರು ಓದಿದ ಅಕ್ಷರಗಳು ನಮ್ಮ ಹೊಲಕ್ಕೆ ಏನು ಮಾಡಿಯಾವು ಎಂದು ಕೆಲವರಿಗೆ ಅನಿಸಬಹುದು. ಅಟ್ರಾಜಿನ್‌ಗೆ ಸಾಯದ ಕಳೆಯ ಗುಟ್ಟು ಹೊರಬಿದ್ದದ್ದು ಹರಿತ್ಕಣದ ಖಾತೆಯ ಅಕ್ಷರಗಳನ್ನು ಓದಿದ್ದರಿಂದಲೇ. ಸಂಶಯ ಬಂದಾಗ ಮೇಲಿನ ಒಂದು ಎಲೆ, ಕೆಳಗಿನ ಒಂದು ಎಲೆ, ಬೇರು ಸಹಿತ ಒಂದು ಗಿಡ ಮತ್ತು ಯಾವ ಎಣ್ಣೆ ಯಾವಾಗ ಹೊಡೆದಿರಿ ಎಂಬ ಚೀಟಿ, ಇಷ್ಟನ್ನು ಹಿಡಿದು ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿರಿ. ತಂಬಾಕಿನ ವಿಷಯಕ್ಕೆ ನಿಪ್ಪಾಣಿಯ, ಕಬ್ಬಿನ ವಿಷಯಕ್ಕೆ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರಗಳೂ ಹತ್ತಿರದಲ್ಲಿಯೇ ಇವೆ.

ಅಥಣಿಯ ಆ ರೈತರಿಗೆ ನಾನು ಹೇಳಿದ್ದು ಇಷ್ಟೇ: "ಬೀಜದ ದೋಷ ಅಲ್ಲ, ತಾಯಿ ಚೆನ್ನಾಗಿಯೇ ಕೊಟ್ಟಿದ್ದಾಳೆ. ಉಣ್ಣಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಕುಳೆ ಅಗೆಯಬೇಡಿರಿ, ಅನ್ನಭೇದಿ ಸಿಂಪಡಿಸಿರಿ, ನೀರು ಬಸಿಯಲು ದಾರಿ ಮಾಡಿರಿ." ತಮಗೂ ಅದೇ ಮಾತು ಹೇಳಿ ಮುಗಿಸುತ್ತೇನೆ.